ಗಾಳಕ್ಕೆ ಮೀನಿಗಿಂತ ಗೆಳೆಯರೇ ಹೆಚ್ಚು ಸಿಕ್ಕಿಬೀಳುತ್ತಿದ್ದಾರೆ!

ಪ್ರಶ್ನೆ: ನಾವು ಮೂವರು ಗೆಳೆಯರು ಲೂರ್ ಫಿಶಿಂಗ್ (ಕೊಕ್ಕೆ ಇರುವ ಹುಸಿ ಎರೆ, ಅಂದರೆ ಲೂರ್, ಎಸೆದು ಮೀನು ಹಿಡಿಯುವುದು) ಶುರುಮಾಡಿ ಎರಡು ತಿಂಗಳಾಯಿತು. ಸಿಕ್ಕ ಮೀನು ಕಡಿಮೆ, ನಗೆಪಾಟಲಾಗಿದ್ದೇ ಹೆಚ್ಚು. ಮೊದಲ ದಿನ ಜೋರಾಗಿ ಬೀಸಿದಾಗ ಲೂರ್ ಜೊತೆ ರಾಡಿನ (ಗಾಳದ ಕೋಲಿನ) ಮೇಲರ್ಧವೂ ಹಾರಿ ನೀರಿಗೆ ಬಿತ್ತು. ಲೈನ್ (ಗಾಳದ ದಾರ) ಸುತ್ತಿಕೊಂಡಾಗ ವಾಪಸ್ ಬಂತು, ಅದೇ ಅವತ್ತಿನ ಬೇಟೆ. ಗೆಳೆಯನ ಬೇಟ್‌ಕಾಸ್ಟರ್ ರೀಲ್ (ಲೈನ್ ಸುತ್ತುವ ಸಾಧನದ ಒಂದು ಬಗೆ) ಇಸಿದುಕೊಂಡು ಎಸೆದೆ, ಲೈನೆಲ್ಲ ಹಕ್ಕಿಗೂಡಾಯಿತು, ಬಿಡಿಸುವಷ್ಟರಲ್ಲಿ ಸಂಜೆ. ನನ್ನ ಸ್ಪಿನ್ನಿಂಗ್ ರೀಲಿಗೆ ಹೊಸ ಬ್ರೇಡ್ ಲೈನ್ (ಎಳೆಗಳನ್ನು ಹೆಣೆದ ದಾರ) ತುಂಬಿದ ಮೇಲೆ ಹ್ಯಾಂಡಲ್ ತಿರುಗುತ್ತದೆ, ಲೈನ್ ಒಳಗೆ ಬರುವುದಿಲ್ಲ. ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ಲೈನ್ ಬಿಟ್ಟುಕೊಡುವ ಬ್ರೇಕ್) ಪೂರ್ತಿ ಬಿಗಿ ಮಾಡಿದರೂ ಅಷ್ಟೇ. ಒಮ್ಮೆ 'ದೊಡ್ಡದು, ದೊಡ್ಡದು' ಎಂದು ಹತ್ತು ನಿಮಿಷ ಕೂಗಾಡಿದೆ, ಅದು ಮುಳುಗಿದ ಕೊರಡು. ರಾಡ್ ಬಗ್ಗಿಸಿ ಜಗ್ಗಿದಾಗ ಲೂರ್ ಚಿಮ್ಮಿ ಕೆನ್ನೆಯ ಪಕ್ಕದಲ್ಲೇ ಹಾದುಹೋಯಿತು. ಹೋದ ವಾರ ಹಿಂದೆ ನಿಂತಿದ್ದ ಗೆಳೆಯನ ಟೋಪಿ ಕೊಕ್ಕೆಗೆ ಸಿಕ್ಕಿ ಹಾರಿತು, ಎಲ್ಲರೂ ಬಿದ್ದುಬಿದ್ದು ನಕ್ಕೆವು. ಲೂರ್ ಇನ್ನೂ ಆ ಟೋಪಿಯಲ್ಲೇ ಇದೆ, ಬಿಡಿಸಲು ಬರುತ್ತಿಲ್ಲ. 'ನಿನ್ನ ಕೈಗುಣವೇ ಸರಿಯಿಲ್ಲ, ಮಾತು ಬೇರೆ ಜಾಸ್ತಿ, ಮೀನೆಲ್ಲ ಓಡಿಹೋಗುತ್ತವೆ' ಎನ್ನುತ್ತಾರೆ ಗೆಳೆಯರು. ದುಬಾರಿ ರೀಲ್ ಕೊಂಡರೆ ಸರಿಹೋದೀತೇ? ಅಥವಾ ಇದೆಲ್ಲ ನಕ್ಕು ಬಿಡುವಂಥದ್ದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಳುಕುಗಳಿವೆ. ಗೆಳೆಯರ ಮುಂದೆ ಮಾನ ಹೋಗುತ್ತಿದೆ ಎಂಬುದು ಒಂದು, ಅದನ್ನು ಉದ್ದಕ್ಕೂ ಬರೆದಿದ್ದೀರಿ. ಯಾರಿಗಾದರೂ ಪೆಟ್ಟಾದೀತೇ ಎಂಬುದು ಇನ್ನೊಂದು, ಅದನ್ನು ಕೊನೆಯ ಸಾಲಿನಲ್ಲಿ ಮೆಲ್ಲಗೆ ಸೇರಿಸಿದ್ದೀರಿ. ಮೊದಲನೆಯದಕ್ಕೆ ಕೈಗುಣದ ಮಾತೇ ಬೇಡ. ನೀವು ಬರೆದ ಒಂದೊಂದು ಎಡವಟ್ಟಿಗೂ ಕಣ್ಣಿಗೆ ಕಾಣುವ ಕಾರಣವಿದೆ. ಎರಡನೆಯದಕ್ಕೆ ಉತ್ತರ: ಹೌದು, ಆಗುತ್ತದೆ. ಕೆನ್ನೆಯ ಪಕ್ಕ ಹಾದ ಲೂರ್ ಮತ್ತು ಹಾರಿಹೋದ ಟೋಪಿ, ಇವೆರಡೂ ನಗುವಿನಲ್ಲಿ ಮುಗಿದದ್ದು ನಾಲ್ಕು ಬೆರಳಿನ ಅಂತರದಿಂದ.

ಈ ಎಡವಟ್ಟುಗಳನ್ನು ಹೀಗೆ ವಿಂಗಡಿಸಿ ನೋಡಿ: ಲೈನ್ ಸಡಿಲಾದಾಗ ಆಗುವವು, ಲೈನ್ ಬಿಗಿದಾಗ ಆಗುವವು. ಸಡಿಲಾದರೆ ಮಾನ ಹೋಗುತ್ತದೆ, ಬಿಗಿದರೆ ಕಣ್ಣು ಹೋಗಬಹುದು. ರಾಡ್ ಹಾರಿದ್ದು ಮಾತ್ರ ಎರಡಕ್ಕೂ ಸೇರದು, ಅದನ್ನು ಮೊದಲು ಮುಗಿಸೋಣ.

ಎರಡು ತುಂಡಿನ ರಾಡಿನಲ್ಲಿ ಮೇಲ್ಭಾಗ ಕೂರುವುದು ಬರೀ ಉಜ್ಜಿಕೆಯ ಹಿಡಿತದಿಂದ. ತಿರುಪೂ ಇಲ್ಲ, ಬೀಗವೂ ಇಲ್ಲ. ಪ್ರತಿ ಬೀಸಿಗೆ ಅದು ಕೂದಲೆಳೆಯಷ್ಟು ಸಡಿಲಾಗುತ್ತಾ ಹೋಗಿ ಒಂದು ಸಲ ಹಾರುತ್ತದೆ. ಲೈನ್ ರಾಡಿನ ಉಂಗುರಗಳೊಳಗಿಂದ ಹಾದುಹೋಗಿರುವುದರಿಂದ, ಲೈನ್ ತುಂಡಾಗದಿದ್ದರೆ ಅದು ಕಳೆದುಹೋಗುವುದಿಲ್ಲ. ಜಾರಿ ಲೂರ್ ಹತ್ತಿರ ಹೋಗಿ ನಿಲ್ಲುತ್ತದೆ, ನಿಧಾನವಾಗಿ ಸುತ್ತಿಕೊಂಡರೆ ಬರುತ್ತದೆ. ಜೋಡಿಸುವಾಗ ಎರಡೂ ತುದಿಯ ಮರಳು, ಮಣ್ಣು ಒರೆಸಿ, ಉಂಗುರಗಳು ಒಂದೇ ಸಾಲಿಗೆ ಬರುವಂತೆ ನೇರವಾಗಿ ಒತ್ತಿ. 20–30 ಸಲ ಎಸೆದ ಮೇಲೆ ಒಮ್ಮೆ ಕೈಯಾಡಿಸಿ ನೋಡಿ. ಆದರೂ ಸಡಿಲಾಗುತ್ತಿದ್ದರೆ ಒಳತುದಿಗೆ ಮೇಣದಬತ್ತಿಯ ಮೇಣ ತೆಳ್ಳಗೆ ಸವರಿ. ಕೆಲವು ರಾಡುಗಳಲ್ಲಿ ಪೂರ್ತಿ ಕೂತ ಮೇಲೂ ಜೋಡಣೆಯಲ್ಲಿ ಕೆಲವು ಮಿಲಿಮೀಟರ್ ಸಂದಿ ಉಳಿಯುತ್ತದೆ. ಸವೆದಂತೆ ಇನ್ನೂ ಒಳಕ್ಕೆ ಹೋಗಲೆಂದೇ ಅದನ್ನು ಬಿಟ್ಟಿರುತ್ತಾರೆ. ಸಂದಿ ಮುಚ್ಚಬೇಕೆಂದು ಗುದ್ದಿದರೆ ಹೊರಗಿನ ಕೊಳವೆ ಸೀಳುತ್ತದೆ.

ಈಗ ಹಕ್ಕಿಗೂಡಿನ ವಿಷಯ. ಬೇಟ್‌ಕಾಸ್ಟರಿನಲ್ಲಿ ಎಸೆದಾಗ ಸ್ಪೂಲೇ, ಅಂದರೆ ಲೈನ್ ಸುತ್ತಿರುವ ಉರುಳೆಯೇ, ತಿರುಗಿ ಲೈನ್ ಕೊಡುತ್ತದೆ. ಲೂರ್ ಕೈಬಿಟ್ಟ ಕ್ಷಣದಿಂದ ಗಾಳಿ ಅದನ್ನು ತಡೆಯುತ್ತಾ ವೇಗ ಇಳಿಸುತ್ತದೆ, ಸ್ಪೂಲ್ ಮಾತ್ರ ಮೊದಲಿನ ರಭಸದಲ್ಲೇ ತಿರುಗುತ್ತಿರುತ್ತದೆ. ಲೂರ್ ಕೇಳಿದ್ದಕ್ಕಿಂತ ಹೆಚ್ಚು ಲೈನ್ ಸ್ಪೂಲ್ ಕೊಟ್ಟರೆ ಆ ಹೆಚ್ಚಿನದು ಸುರುಳಿ ಸುರುಳಿಯಾಗಿ ಉಬ್ಬಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತದೆ. ಲೂರ್ ನೀರಿಗೆ ಬಿದ್ದ ಮೇಲೂ ಸ್ಪೂಲ್ ನಿಲ್ಲದಿದ್ದರೆ ಗೂಡು ಇನ್ನೂ ದೊಡ್ಡದು. ಎದುರುಗಾಳಿ, ಹಗುರ ಲೂರ್, ಜೋರಾದ ಬೀಸು ಮೂರೂ ಸೇರಿದರೆ ಎಂಥ ರೀಲಾದರೂ ಗೂಡು ಕಟ್ಟುತ್ತದೆ. ನಿಮ್ಮ ಗೆಳೆಯ ತನ್ನ ಲೂರಿಗೆ, ತನ್ನ ಹೆಬ್ಬೆರಳಿಗೆ ಹೊಂದಿಸಿಕೊಂಡಿದ್ದ ರೀಲನ್ನು ನೀವು ಹಾಗೇ ಇಸಿದುಕೊಂಡು ಎಸೆದಿರಿ. ಮತ್ತೊಬ್ಬರ ಚಪ್ಪಲಿ ಮೆಟ್ಟಿ ಓಡಿದ ಹಾಗಾಯಿತು.

ಹೊಂದಿಸುವುದು ಹೀಗೆ. ರಾಡ್ ಅಡ್ಡ ಹಿಡಿದು, ಲೂರ್ ತುದಿಯಿಂದ ತೂಗುಬಿಟ್ಟು, ಸ್ಪೂಲ್ ಬಿಡುವ ಗುಂಡಿ ಒತ್ತಿ. ಹ್ಯಾಂಡಲ್ ಪಕ್ಕದ ಸಣ್ಣ ತಿರುಪನ್ನು, ಲೂರ್ ನಿಧಾನವಾಗಿ ಇಳಿದು ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವಷ್ಟು ಬಿಗಿ ಮಾಡಿ. ಲೂರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು, ಬಹಳ ಜನ ಮರೆಯುವುದು ಇದನ್ನೇ. ಇನ್ನೊಂದು ಬದಿಯ ಬ್ರೇಕಿಗೆ ಹತ್ತು ಅಂಕಿಗಳಿದ್ದರೆ ಎಂಟರಿಂದ ಶುರುಮಾಡಿ, ಕೈ ಕುದುರಿದಂತೆ ಇಳಿಸುತ್ತಾ ಬನ್ನಿ. ಕಲಿಯಲು 10–15 ಗ್ರಾಂ ತೂಕದ ಲೂರ್ ಒಳ್ಳೆಯದು. 7 ಗ್ರಾಂಗಿಂತ ಹಗುರವಾದದ್ದನ್ನು ಸಾಮಾನ್ಯ ಬೇಟ್‌ಕಾಸ್ಟರಿನಲ್ಲಿ ಎಸೆಯುವುದು ಪಳಗಿದವರಿಗೂ ಕಷ್ಟ. ಹೆಬ್ಬೆರಳು ಸ್ಪೂಲಿನ ಮೇಲೆ ಗರಿಯಷ್ಟು ಹಗುರವಾಗಿ ತಾಗುತ್ತಿರಲಿ. ಲೂರ್ ನೀರು ಮುಟ್ಟುವ ಒಂದು ಗಳಿಗೆ ಮುಂಚೆ ಪೂರ್ತಿ ಒತ್ತಿ ಸ್ಪೂಲ್ ನಿಲ್ಲಿಸಿ. ಬಯಲಿನಲ್ಲಿ, ಕೊಕ್ಕೆ ತೆಗೆದ ಲೂರ್ ಕಟ್ಟಿ ಅರ್ಧ ಗಂಟೆ ಎಸೆದು ಅಭ್ಯಾಸ ಮಾಡಿದರೆ ನೀರಿನ ಬಳಿಯ ಎರಡು ಸಂಜೆ ಉಳಿಯುತ್ತವೆ.

ಗೂಡಾಗಿಯೇಬಿಟ್ಟರೆ ಅಲ್ಲಿಷ್ಟು ಇಲ್ಲಿಷ್ಟು ಎಳೆಯಬೇಡಿ. ಡ್ರ್ಯಾಗ್ ಬಿಗಿ ಮಾಡಿ, ಗೂಡಿನ ಮೇಲೆ ಹೆಬ್ಬೆರಳು ಬಲವಾಗಿ ಒತ್ತಿ ಹಿಡಿದೇ ಹ್ಯಾಂಡಲನ್ನು ಎರಡು ಮೂರು ಸುತ್ತು ತಿರುಗಿಸಿ. ಆಮೇಲೆ ಗುಂಡಿ ಒತ್ತಿ ಲೈನನ್ನು ಹೊರಕ್ಕೆ ಎಳೆಯಿರಿ. ಮೇಲೆದ್ದ ಕುಣಿಕೆಗಳು ಒತ್ತಡಕ್ಕೆ ಮಲಗಿ ಬಹುಪಾಲು ತಾವೇ ಬಿಚ್ಚಿಕೊಳ್ಳುತ್ತವೆ. ಎರಡು ಮೂರು ಸಲ ಹೀಗೆ ಮಾಡಿದರೂ ಬಾರದಿದ್ದರೆ ಮಾತ್ರ ಕತ್ತರಿ.

ನಿಮ್ಮ ಬ್ರೇಡ್ ಕಥೆ ಇದಕ್ಕಿಂತ ತಮಾಷೆಯದು, ಏಕೆಂದರೆ ನಿಮ್ಮ ರೀಲ್ ಕೆಟ್ಟೇ ಇಲ್ಲ. ಬ್ರೇಡ್ ನುಣುಪು, ಹಿಗ್ಗುವುದೇ ಇಲ್ಲವೆನ್ನುವಷ್ಟು ಕಡಿಮೆ. ನುಣ್ಣನೆಯ ಲೋಹದ ಸ್ಪೂಲಿಗೆ ನೇರವಾಗಿ ಕಟ್ಟಿದರೆ ಇಡೀ ಲೈನಿನ ಉಂಡೆ ಸ್ಪೂಲಿನ ಸುತ್ತ ಬಳೆಯಂತೆ ಜಾರುತ್ತದೆ. ಸ್ಪೂಲ್ ತಾನು ಹಿಡಿದೇ ನಿಂತಿದೆ, ಜಾರುತ್ತಿರುವುದು ಲೈನ್. ಡ್ರ್ಯಾಗ್ ಎಷ್ಟು ಬಿಗಿ ಮಾಡಿದರೇನು? ಪರೀಕ್ಷೆ ಸುಲಭ: ಸ್ಪೂಲನ್ನು ಒಂದು ಕೈಯಲ್ಲಿ ಬಿಗಿಹಿಡಿದು ಇನ್ನೊಂದರಲ್ಲಿ ಲೈನ್ ಜಗ್ಗಿ. ಸ್ಪೂಲ್ ನಿಂತು ಲೈನಿನ ಉಂಡೆ ಮಾತ್ರ ತಿರುಗಿದರೆ ಇದೇ ತೊಂದರೆ. ಲೈನೆಲ್ಲ ಬಿಚ್ಚಿ, ಮೊದಲು 5–10 ಮೀಟರ್ ಮೊನೊ (ಒಂದೇ ಎಳೆಯ ನೈಲಾನ್ ಲೈನ್) ಸುತ್ತಿ, ಅದಕ್ಕೆ ಬ್ರೇಡ್ ಗಂಟುಹಾಕಿ ಮತ್ತೆ ತುಂಬಿ. ಮೊನೊ ಇಲ್ಲದಿದ್ದರೆ ಸ್ಪೂಲಿನ ಮೈಗೆ ಒಂದು ಸುತ್ತು ಟೇಪ್ ಅಂಟಿಸಿದರೂ ಆದೀತು. ಸ್ಪೂಲಿನ ಅಂಚಿಗಿಂತ 2–3 ಮಿಲಿಮೀಟರ್ ಕಡಿಮೆ ಇರುವಷ್ಟು ತುಂಬಿದರೆ ಸಾಕು. ಕಂಠಪೂರ್ತಿ ತುಂಬಿದರೆ ಎಸೆದಾಗ ಸುರುಳಿ ಸುರುಳಿಯೇ ಒಟ್ಟಿಗೆ ಎದ್ದು ಬರುತ್ತದೆ.

ಸ್ಪಿನ್ನಿಂಗ್ ರೀಲಿನಲ್ಲಿ ಇನ್ನೆರಡು ಅಭ್ಯಾಸ ಬೇಕು. ಎಸೆದ ಮೇಲೆ ಬೇಲನ್ನು, ಅಂದರೆ ಆ ತಂತಿಯ ಕಮಾನನ್ನು, ಹ್ಯಾಂಡಲ್ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ಲೈನನ್ನು ಒಂದು ಸಲ ಬೆರಳಿನಿಂದ ಎಳೆದು ಬಿಗಿ ಮಾಡಿಕೊಂಡು ಆಮೇಲೆ ಸುತ್ತಿ. ಸಡಿಲ ಲೈನ್ ಸುತ್ತಿಕೊಂಡ ಕುಣಿಕೆಯೇ ಮುಂದಿನ ಎಸೆತದಲ್ಲಿ ಗಂಟಾಗಿ ಉಂಗುರಕ್ಕೆ ಬಡಿಯುವುದು. ಎರಡನೆಯದು: ಮೀನು ಎಳೆಯುತ್ತಾ ಡ್ರ್ಯಾಗ್ 'ಜಿರ್ರ್' ಎನ್ನುವಾಗ ಹ್ಯಾಂಡಲ್ ತಿರುಗಿಸಬೇಡಿ. ಆಗ ಲೈನ್ ಒಳಗೆ ಬರುವುದಿಲ್ಲ, ಹುರಿ ಮಾತ್ರ ಏರುತ್ತದೆ. 5.2:1 ಗೇರಿನ ರೀಲಿನಲ್ಲಿ ಹ್ಯಾಂಡಲಿನ ಒಂದೊಂದು ಸುತ್ತಿಗೆ ಸುಮಾರು ಐದು ಹುರಿ. ಡ್ರ್ಯಾಗನ್ನು ಲೈನಿನ ತಾಳುವ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಇಡಿ: 9 ಕಿಲೊ ತಾಳುವ ಲೈನಿಗೆ 2ರಿಂದ 3 ಕಿಲೊ. ಸ್ಪ್ರಿಂಗ್ ತಕ್ಕಡಿಗೆ ಲೈನ್ ಸಿಕ್ಕಿಸಿ ಎಳೆದರೆ ತಿಳಿಯುತ್ತದೆ. ದಡದ ಹತ್ತಿರ ಬಂದ ಮೀನು ಕಡೆಯ ಸಲ ಕೊಡವಿ ಲೈನ್ ಹರಿದುಕೊಂಡು ಹೋಗುವುದು, 'ಅಯ್ಯೋ' ಎಂದು ಮೂವರೂ ಕೂಗುವುದು, ಬಹುತೇಕ ಅತಿಬಿಗಿ ಡ್ರ್ಯಾಗಿನ ಫಲ.

ಅಂದ ಹಾಗೆ, ಎಸೆದ ಲೂರ್ ಲೈನ್ ಬಿಟ್ಟು ತಾನೊಂದೇ ಹಾರಿಹೋಗುವುದು ನಿಮಗಿನ್ನೂ ಆಗಿಲ್ಲವೆಂದು ಕಾಣುತ್ತದೆ. ಆದಾಗ ಉಳಿದ ಲೈನಿನ ತುದಿ ನೋಡಿ. ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ತರಚಿ ನಾರುನಾರಾಗಿದ್ದರೆ ಕಲ್ಲಿಗೋ ಸೀಳಿದ ಉಂಗುರಕ್ಕೋ ಉಜ್ಜಿದೆ. ಇವೆರಡೂ ಅಲ್ಲದೆ ಬೀಸಿನ ನಡುವೆಯೇ ತಟ್ಟನೆ ತುಂಡಾಗಿದ್ದರೆ, ಬೇಲ್ ತಾನೇ ಮುಚ್ಚಿಕೊಂಡಿರಬೇಕು ಇಲ್ಲವೇ ಲೈನ್ ರಾಡಿನ ತುದಿಗೆ ಸುತ್ತಿಕೊಂಡಿದ್ದಿರಬೇಕು. ಬ್ರೇಡಿಗೆ ಮಾಮೂಲಿ ಕ್ಲಿಂಚ್ ಗಂಟು ಜಾರುತ್ತದೆ, ಪಾಲೋಮರ್ ಗಂಟು ಹಾಕಿ. ಯಾವುದೇ ಗಂಟನ್ನು ಎಳೆದು ಬಿಗಿಯುವ ಮುನ್ನ ಒದ್ದೆ ಮಾಡಿ. ಒಣ ಲೈನ್ ಉಜ್ಜಿದ ಬಿಸಿಗೇ ದುರ್ಬಲವಾಗುತ್ತದೆ, ಮೊನೊ ಮತ್ತು ಫ್ಲೋರೋಕಾರ್ಬನ್ ಎಂಬ ಒಂಟಿ ಎಳೆಯ ಲೈನುಗಳು ವಿಶೇಷವಾಗಿ.

ಇನ್ನು ಬಿಗಿದ ಲೈನಿನ ಕಡೆಗೆ ಬರೋಣ. ಇಲ್ಲಿ ತಮಾಷೆ ಕಡಿಮೆ.

ಮೊದಲು, ಕೊರಡೋ ಮೀನೋ ತಿಳಿಯುವುದು ಹೇಗೆ? ಸುತ್ತುವುದು ನಿಲ್ಲಿಸಿ, ಲೈನ್ ಬಿಗಿಯಾಗಿಟ್ಟು ಎರಡು ಮೂರು ಸೆಕೆಂಡ್ ಸುಮ್ಮನಿರಿ. ಮೀನು ತಲೆ ಒದರುತ್ತದೆ, ರಾಡಿನ ತುದಿ ಮಿಡಿಯುತ್ತದೆ, ಲೈನ್ ನೀರನ್ನು ಸೀಳುತ್ತಾ ಪಕ್ಕಕ್ಕೆ ಸರಿಯುತ್ತದೆ. ಕೊರಡು ನೀವು ಜಗ್ಗಿದರೆ ಮಾತ್ರ ಜಗ್ಗುತ್ತದೆ, ನಿಲ್ಲಿಸಿದರೆ ತಾನೂ ನಿಲ್ಲುತ್ತದೆ. ಮೊನೊ ಲೈನ್ ರಬ್ಬರಿನಂತೆ ಹಿಗ್ಗುವುದರಿಂದ ಕೊರಡೂ ಒಂದಿಷ್ಟು 'ಎಳೆದಂತೆ' ಅನಿಸುತ್ತದೆ, ಹತ್ತು ನಿಮಿಷದ ಕೂಗಾಟದ ಗುಟ್ಟು ಬಹುಶಃ ಇದೇ. ಕಳೆಯ ಗೊಂಚಲಾದರೆ ಭಾರವಾಗಿ, ಒಂದೇ ಸಮನೆ, ಮಿಡಿತವಿಲ್ಲದೆ ಬರುತ್ತದೆ.

ಸಿಕ್ಕಿಕೊಂಡಿದ್ದು ಖಚಿತವಾದ ಮೇಲೆ ಮಾಡಬಾರದ್ದನ್ನೇ ನೀವು ಮಾಡಿದಿರಿ. ಬಗ್ಗಿದ ರಾಡ್ ಅಂದರೆ ಹೆದೆಯೇರಿಸಿದ ಬಿಲ್ಲು, ಹಿಗ್ಗಿದ ಲೈನ್ ಅಂದರೆ ಕವಣೆಯ ರಬ್ಬರು. ಕೊಕ್ಕೆ ಬಿಟ್ಟ ಕ್ಷಣ ಅಷ್ಟೂ ಬಲ ಲೂರನ್ನು ಲೈನ್ ಇರುವ ದಾರಿಯಲ್ಲೇ ವಾಪಸ್ ಒಯ್ಯುತ್ತದೆ. ಆ ದಾರಿಯ ತುದಿಯಲ್ಲಿ ಇರುವುದು ನಿಮ್ಮ ಮುಖ. ತಪ್ಪಿಸಿಕೊಳ್ಳುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಮರದ ಕೊಂಬೆಗೆ ಸಿಕ್ಕಿದ ಲೂರ್ ಇನ್ನೂ ಕೆಟ್ಟದ್ದು, ಏಕೆಂದರೆ ಅಲ್ಲಿ ನೀರಿನ ತಡೆಯೂ ಇಲ್ಲ. ನೀರಿನ ಮೇಲೆ ಓಡುವ ಲೂರಿಗೆ ಮೀನು ನೆಗೆದಾಗ ಗಾಬರಿಯಿಂದ ತಕ್ಷಣ ಜಗ್ಗಿ, ಮೀನಿನ ಬಾಯಿ ತಪ್ಪಿದ ಲೂರ್ ಎದೆಗೆ ಬಂದು ಬಡಿಯುವುದೂ ಇದೇ ಜಾತಿಯ ಅಪಘಾತ. ಸದ್ದು ಕೇಳಿ ಜಗ್ಗಬೇಡಿ, ಭಾರ ಕೈಗೆ ತಿಳಿದ ಮೇಲೆ ಜಗ್ಗಿ.

ಬಿಡಿಸುವ ಕ್ರಮ ಇದು. ಮೊದಲು ಸಡಿಲ ಮಾಡಿ, ಹತ್ತು ಹೆಜ್ಜೆ ಎಡಕ್ಕೋ ಬಲಕ್ಕೋ ಹೋಗಿ ಬೇರೆ ಕೋನದಿಂದ ಮೆಲ್ಲಗೆ ಅಲುಗಿಸಿ. ಬಾರದಿದ್ದರೆ ರೀಲಿನ ಮುಂದಿನ ಲೈನನ್ನು ಬೆರಳಲ್ಲಿ ಹಿಡಿದು ಬಿಲ್ಲಿನ ಹೆದೆಯಂತೆ ಸ್ವಲ್ಪ ಎಳೆದು 'ಟಪ್' ಎಂದು ಬಿಡಿ. ಆ ಹಿಮ್ಮಿಡಿತಕ್ಕೆ ಲೂರ್ ಹಿಂದೆ ಸರಿದು ಎಷ್ಟೋ ಸಲ ಬಿಡುತ್ತದೆ. ಅದಕ್ಕೂ ಜಗ್ಗದಿದ್ದರೆ ರಾಡನ್ನು ಲೂರಿನ ಕಡೆಗೆ ನೇರ ಚಾಚಿ, ಬಗ್ಗಲು ಬಿಡದೆ, ಸ್ಪೂಲನ್ನು ಅಂಗೈಯಲ್ಲಿ ಒತ್ತಿಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಹಿಂದೆ ಹಿಂದೆ ನಡೆಯಿರಿ. ಗೆಳೆಯರು ಆ ಸಾಲಿನಲ್ಲಿ ನಿಂತಿರಬಾರದು. ಬ್ರೇಡನ್ನು ಕೈಗೆ ಸುತ್ತಿ ಎಳೆಯಲೇಬೇಡಿ, ಅದು ಚರ್ಮವನ್ನು ಚಾಕುವಿನಂತೆ ಕೊಯ್ಯುತ್ತದೆ. ದಪ್ಪ ಕಡ್ಡಿಗೆ ನಾಲ್ಕು ಸುತ್ತು ಸುತ್ತಿ ಕಡ್ಡಿಯನ್ನೇ ಹಿಡಿಯಿರಿ. ಲೂರ್ ಹೋದರೆ ಹೋಗಲಿ.

ಟೋಪಿಯ ಪ್ರಸಂಗಕ್ಕೆ ಬರುತ್ತೇನೆ. ಬೀಸುವವನ ಗಮನ ಮುಂದಿನ ನೀರಿನ ಮೇಲೆ, ಕೊಕ್ಕೆ ಮಾತ್ರ ಹಿಂದೆ. ಜೊತೆಗೆ ಲೂರ್ ರಾಡಿನ ತುದಿಯಿಂದ ಒಂದೂವರೆ ಮೀಟರ್ ಜೋತಾಡುತ್ತಿದ್ದರೆ ಅದು ಎಲ್ಲಿ ಸುತ್ತುತ್ತಿದೆ ಎಂದು ಬೀಸುವವನಿಗೇ ಗೊತ್ತಿರುವುದಿಲ್ಲ. ತುದಿಯಿಂದ ಲೂರಿಗೆ 30–45 ಸೆಂಟಿಮೀಟರ್ ಇರಲಿ. ಇಬ್ಬರ ನಡುವೆ ಕನಿಷ್ಠ ಎರಡು ರಾಡ್ ಉದ್ದದ ಅಂತರ ಬೇಕು, ಮತ್ತು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಹಿಂದೆ ಓಡಾಡುವವನು ಬಾಯಿಬಿಟ್ಟು ಹೇಳಿ ದಾಟಲಿ, ಬೀಸುವವನು ಪ್ರತಿ ಸಲ ಹಿಂದಿರುಗಿ ನೋಡಲಿ. ಇದೇನು ಶಿಸ್ತು ಎಂದು ಗೆಳೆಯರು ರೇಗಿಸಿದರೆ ರೇಗಿಸಲಿ. ಕಣ್ಣಿಗೆ ಕನ್ನಡಕ ಎಲ್ಲರಿಗೂ ಬೇಕು. ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಆದರೆ ನೀರೊಳಗಿನ ಕೊರಡೂ ಕಾಣುತ್ತದೆ, ಎರಡು ಲಾಭ. ದೋಣಿಯಲ್ಲಿ ಒಬ್ಬರು ಎಸೆಯುವಾಗ ಇನ್ನೊಬ್ಬರು ಕೂತಿರಲಿ.

ಮೈಗೆ ಕೊಕ್ಕೆ ಚುಚ್ಚಿದರೆ? ಕಣ್ಣಿಗೆ, ಕಣ್ಣಿನ ಸುತ್ತ, ಕುತ್ತಿಗೆಗೆ, ಬೆರಳಿನ ಗೆಣ್ಣಿನೊಳಕ್ಕೆ ಹೋಗಿದ್ದರೆ ಮುಟ್ಟಲೇಬೇಡಿ. ಲೈನ್ ಕತ್ತರಿಸಿ, ಲೂರ್ ಅಲುಗಾಡದಂತೆ ಮಾಡಿ, ನೇರ ಆಸ್ಪತ್ರೆ. ಕಣ್ಣಾದರೆ ಒತ್ತದಂತೆ ಮೇಲೊಂದು ಲೋಟ ಬೋರಲಿಟ್ಟು ಟೇಪ್ ಹಾಕಿ. ತೋಳು, ಬೆನ್ನು, ತೊಡೆಯಂಥ ಕಡೆ ಮೇಲುಮೇಲೆ ಚುಚ್ಚಿದ್ದರೆ ದಾರದ ಉಪಾಯವಿದೆ. ಮೊದಲು ಕೊಕ್ಕೆಯನ್ನು ಲೂರಿಗೆ ಸೇರಿಸಿರುವ ರಿಂಗಿನಿಂದ ಲೂರನ್ನು ಬೇರ್ಪಡಿಸಿ. ಮೂರು ಮೊನೆಯ ಟ್ರೆಬಲ್ ಕೊಕ್ಕೆಯಾದರೆ ಹೊರಗಿರುವ ಎರಡು ಮೊನೆಗಳನ್ನು ಕತ್ತರಿಸಿ. ಗಟ್ಟಿ ದಾರದ ಕುಣಿಕೆಯನ್ನು ಕೊಕ್ಕೆಯ ಬಾಗಿನೊಳಗೆ ಹಾಕಿ, ಕೊಕ್ಕೆಯ ಕಣ್ಣಿನ (ರಿಂಗ್ ಕೂರುವ ತೂತಿನ) ಕಡೆಯನ್ನು ಚರ್ಮಕ್ಕೆ ಒತ್ತಿಹಿಡಿದು, ಕೊಕ್ಕೆಯ ನೇರ ಕಾಂಡಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಒಂದೇ ಸಲ ಚುರುಕಾಗಿ ಎಳೆಯಬೇಕು. ಒತ್ತುವುದರಿಂದ ಹಿಂಮುಳ್ಳು, ಅಂದರೆ ಮೊನೆಯ ಬಳಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು, ಮಾಂಸ ಬಿಟ್ಟು, ಚುಚ್ಚಿದ ದಾರಿಯಲ್ಲೇ ಆಚೆ ಬರುತ್ತದೆ. ಅಪಾಯ ಎರಡು: ಅರೆಮನಸ್ಸಿನಿಂದ ಎಳೆದರೆ ಇನ್ನೂ ಆಳಕ್ಕೆ ಕೂರುತ್ತದೆ, ಮತ್ತು ಕಿತ್ತುಬಂದ ಕೊಕ್ಕೆ ಎಳೆದವನಿಗೇ ಚುಚ್ಚಬಹುದು. ಕೈ ನಡುಗುವವರು, ನೋಡಿದರೆ ತಲೆ ಸುತ್ತುವವರು ಪ್ರಯತ್ನಿಸದಿರುವುದೇ ವಾಸಿ, ವೈದ್ಯರಿಗೆ ಇದು ಕೆಲವೇ ನಿಮಿಷಗಳ ಕೆಲಸ. ತೆಗೆದ ಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೆ ಬೇಕಾಗುತ್ತದೆ. 'ಬಿಟ್ಟರೆ ತುಕ್ಕು ಹಿಡಿದು ತಾನೇ ಉದುರುತ್ತದೆ' ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಗುಂಪಿನಲ್ಲಿ ಕೈಗೆ ಸುಲಭವಾಗಿ ಚುಚ್ಚುವ ಹೊತ್ತೊಂದು ಯಾವುದು ಗೊತ್ತೇ? ಫೋಟೊ ತೆಗೆಯುವ ಹೊತ್ತು. ಮೀನಿನ ಬಾಯಲ್ಲಿ ಒಂದು ಕೊಕ್ಕೆ, ಹೊರಗೆ ಇನ್ನೊಂದು ಟ್ರೆಬಲ್ ನೇತಾಡುತ್ತಿರುತ್ತದೆ. ಮೀನು ಒದರಿತು ಅಂದರೆ ಕೈ ಮತ್ತು ಮೀನು ಒಂದೇ ಲೂರಿಗೆ ಪೋಣಿಸಿದಂತೆ. ಮೊದಲು ಉದ್ದ ಮೂತಿಯ ಇಕ್ಕಳದಿಂದ ಲೂರ್ ತೆಗೆಯಿರಿ, ಆಮೇಲೆ ನಗಿರಿ. ಕೈ ಒದ್ದೆ ಮಾಡಿಕೊಂಡು, ಮಂಡಿಯೂರಿ, ನೀರಿಗೆ ಹತ್ತಿರದಲ್ಲೇ ಹಿಡಿದರೆ ಜಾರಿದರೂ ಮೀನಿಗೆ ಪೆಟ್ಟಾಗುವುದಿಲ್ಲ.

ಗೆಳೆಯರ ಆರೋಪಕ್ಕೆ ಉತ್ತರ: ನಿಮ್ಮ ಮಾತಿನಿಂದ ಮೀನು ಓಡಿಲ್ಲ. ಗಾಳಿಯಲ್ಲಿ ಹುಟ್ಟಿದ ಸದ್ದಿನ ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಮರಳುತ್ತದೆ, ಒಳಗಿಳಿಯುವುದು ಅತ್ಯಲ್ಪ. ಆದರೆ ದಡದಲ್ಲಿ ಧಪಧಪ ನಡೆದದ್ದು, ದೋಣಿಯ ತಳಕ್ಕೆ ಪೆಟ್ಟಿಗೆ ಕುಕ್ಕಿದ್ದು ನೇರ ನೀರಿಗೆ ದಾಟುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದು ಸುಮಾರು 340. ಮೀನಿಗೆ ಮೈಯುದ್ದಕ್ಕೂ ಅಲುಗಾಟ ಹಿಡಿಯುವ ಸಾಲೊಂದಿದೆ. ಹಾಗಾಗಿ ಟೋಪಿ ಹಾರಿದಾಗ ನಕ್ಕಿದ್ದಕ್ಕಿಂತ, ನಗುತ್ತಾ ನೆಲಕ್ಕೆ ಕಾಲು ಬಡಿದದ್ದೇ ಮೀನಿಗೆ ಹೆಚ್ಚು ಮುಟ್ಟಿರಬೇಕು.

ದುಬಾರಿ ರೀಲ್ ಈಗ ಬೇಡ. ಮೇಲ್ದರ್ಜೆಯ ಬೇಟ್‌ಕಾಸ್ಟರುಗಳ ಬ್ರೇಕ್ ಗೂಡನ್ನು ಕಡಿಮೆ ಮಾಡುವುದು ನಿಜ, ಹೆಬ್ಬೆರಳಿನ ಕೆಲಸವನ್ನು ಪೂರ್ತಿ ಮಾಡಿಕೊಡುವುದಿಲ್ಲ. ಬ್ರೇಡ್ ಅಂತೂ ಸ್ಪೂಲ್ ನುಣ್ಣಗಿದ್ದರೆ ದುಬಾರಿ ರೀಲಿನಲ್ಲೂ ಜಾರುತ್ತದೆ. ಆ ದುಡ್ಡಿನ ಒಂದು ಚೂರಿನಲ್ಲಿ ಮೂವರಿಗೂ ಕನ್ನಡಕ, ಒಂದು ಉದ್ದ ಮೂತಿಯ ಇಕ್ಕಳ, ಗಟ್ಟಿ ಕೊಕ್ಕೆಯನ್ನೂ ಕತ್ತರಿಸುವ ಕಟರ್ ಬಂದುಬಿಡುತ್ತವೆ. ಕಟರ್ ಕೊಳ್ಳುವ ಮುನ್ನ ನಿಮ್ಮ ಅತಿ ದಪ್ಪ ಟ್ರೆಬಲ್ ಒಂದನ್ನು ಒಯ್ದು ಕತ್ತರಿಸಿ ನೋಡಿ, ಸಣ್ಣ ಕಟರುಗಳ ಬಾಯಿ ಅಲ್ಲೇ ಮುರಿಯುತ್ತದೆ. ಕತ್ತರಿಸುವಾಗ ತುಂಡು ಸಿಡಿಯುತ್ತದೆ, ಕನ್ನಡಕ ಹಾಕಿಕೊಂಡು ಅಂಗೈ ಅಡ್ಡ ಹಿಡಿಯಿರಿ.

ಕೊನೆಗೆ ಆ ಟೋಪಿ. ಹಿಂದಕ್ಕೆ ಎಳೆದರೆ ಹಿಂಮುಳ್ಳು ಬಟ್ಟೆಯ ನೂಲನ್ನು ಹಿಡಿದುಕೊಳ್ಳುತ್ತದೆ, ಎಳೆದಷ್ಟೂ ಹರಿಯುತ್ತದೆ. ಲೂರನ್ನು ರಿಂಗಿನಿಂದ ಬಿಡಿಸಿ, ಕೊಕ್ಕೆಯನ್ನು ಮುಂದಕ್ಕೇ ಒತ್ತಿ ಮೊನೆ ಮತ್ತು ಹಿಂಮುಳ್ಳು ಬಟ್ಟೆಯಿಂದ ಪೂರ್ತಿ ಆಚೆ ಕಾಣುವಂತೆ ಮಾಡಿ. ಆ ಮುಳ್ಳನ್ನು ಇಕ್ಕಳದಿಂದ ಹಿಸುಕಿ ಚಪ್ಪಟೆ ಮಾಡಿದರೆ ಬಂದ ದಾರಿಯಲ್ಲೇ ಜಾರಿಬರುತ್ತದೆ, ಸೂಜಿಯಷ್ಟು ತೂತು ಬಿಟ್ಟರೆ ಟೋಪಿಗೆ ಏನೂ ಆಗದು. ಇಕ್ಕಳ ಕೈಯಲ್ಲಿರುವಾಗಲೇ ಪೆಟ್ಟಿಗೆಯ ಮಿಕ್ಕ ಲೂರುಗಳ ಹಿಂಮುಳ್ಳನ್ನೂ ಹಿಸುಕಿಬಿಡಿ. ಲೈನ್ ಬಿಗಿಯಾಗಿಟ್ಟರೆ ಮೀನು ಅದರಿಂದಲೂ ಸಿಗುತ್ತದೆ, ಗೆಳೆಯ ಸಿಕ್ಕರೆ ಬೇಗ ಬಿಡಿಸಬಹುದು.